ಬಲೆಗೆ ಶಾರ್ಕ್ ಬಿದ್ದಾಗ ಮಾಡಬೇಕಾದ್ದು, ಮಾಡಬಾರದ್ದು

ಬೋಟಿನವರು, ದಕ್ಕೆಯಲ್ಲಿ ಮೀನು ಮಾರುವವರು, ಕೊಳ್ಳುವವರು, ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆಂದು ಬರುವವರು ಎಲ್ಲರೂ ಓದತಕ್ಕದ್ದು.

ಮೊದಲು ಒಂದು ಮಾತು ತಿಳಿದಿರಲಿ. ಬೂತಾಯಿ, ಬಂಗುಡೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ಒಂದು ವರ್ಷ ಕಡಿಮೆಯಾದರೂ ಮುಂದಿನ ವರ್ಷ ತುಂಬಿಕೊಂಡಾವು. ನಾವು ತಾಟೆ ಎಂದೋ ಕಾರವಾರದ ಕಡೆ ಮೋರಿ ಎಂದೋ ಕರೆಯುವ ಶಾರ್ಕ್ ಹಾಗಲ್ಲ. ದೊಡ್ಡ ಜಾತಿಯ ಎಷ್ಟೋ ಶಾರ್ಕ್‌ಗಳು ಬಸಿರಾಗುವ ವಯಸ್ಸಿಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಹೆಚ್ಚಿನವು ಮರಿಯನ್ನೇ ಹಾಕುತ್ತವೆ, ಅದೂ ಎಣಿಸಿ ಹೇಳುವಷ್ಟು. ಕೆಳಗೆ ಬರೆದದ್ದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ.

ತಿಮಿಂಗಿಲ ಶಾರ್ಕ್ ಬಲೆಗೆ ಬಿದ್ದರೆ

ಬಲೆ ಕೊಯ್ದು ಬಿಡಿ. ಬೇರೆ ಮಾತಿಲ್ಲ.

ಮೈತುಂಬ ಬಿಳಿ ಚುಕ್ಕೆ, ಅಗಲ ಬಾಯಿ, ಬೋಟಿಗಿಂತ ಉದ್ದವಾದರೂ ಆದೀತು. ಲೋಕದ ಮೀನುಗಳಲ್ಲೆಲ್ಲ ದೊಡ್ಡದು ಇದೇ. ಅದನ್ನು ಕಂಡು ಹೆದರಬೇಡಿ, ಅದು ನೀರು ಸೋಸಿ ಸಣ್ಣ ಜೀವಿಗಳನ್ನು ತಿನ್ನುವ ಮೀನು. 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಎಂದರೆ ಹುಲಿಗೆ ಸಿಕ್ಕಿದ ರಕ್ಷಣೆಯೇ ಇದಕ್ಕೂ. ಕೊಂದರೆ ಕನಿಷ್ಠ 3 ವರ್ಷ ಜೈಲು. ಗರಗಸ ಮೀನಿಗೂ ಇದೇ ಕಾನೂನು.

ಬಾಲಕ್ಕೆ ಹಗ್ಗ ಬಿಗಿದು ಎಳೆಯಬೇಡಿ. ಶಾರ್ಕ್‌ನ ಮೈಯಲ್ಲಿ ಎಲುಬು ಇಲ್ಲ. ನಮ್ಮ ಹೊರಕಿವಿಯ ಒಳಗಿರುವಂಥ ಮೆತ್ತನೆಯ ಮೃದ್ವಸ್ಥಿಯಿಂದಲೇ ಅದರ ಅಸ್ಥಿಪಂಜರವಾಗಿದೆ. ಒಳಗಿನ ಅಂಗಗಳನ್ನು ಕಾಯುವ ಗಟ್ಟಿ ಪಕ್ಕೆಲುಬಿನ ಗೂಡೂ ಇಲ್ಲ. ನೀರು ಹೊತ್ತಿರುವ ತನಕ ಅದಕ್ಕೆ ತೊಂದರೆಯಿಲ್ಲ. ಕ್ರೇನಿಗೆ ಕಟ್ಟಿ ಮೇಲೆತ್ತಿದರೆ ಅದರ ಭಾರವೇ ಅದರ ಕರುಳು, ಯಕೃತ್ತನ್ನು ಹಿಂಡಿಹಾಕುತ್ತದೆ. ಹಿಂದು ಮುಂದಾಗಿ ಎಳೆದರಂತೂ ಬಾಯಿಯಿಂದ ಕಿವಿರಿಗೆ ಹರಿಯಬೇಕಾದ ನೀರು ಹರಿಯುವುದಿಲ್ಲ. ಉಸಿರುಗಟ್ಟುತ್ತದೆ. ನೀವು ಬಿಟ್ಟಿರೆಂದು ಸಮಾಧಾನಪಟ್ಟ ಮೀನು ಆಳಕ್ಕೆ ಹೋಗಿ ಸತ್ತಿರುತ್ತದೆ.

ಕಿವಿರಿನ ಸೀಳಿಗೆ ಕೈ ಹಾಕಬೇಡಿ, ಕೊಕ್ಕೆ ಹಾಕಬೇಡಿ. ಬೆನ್ನ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಬೇಡಿ. ಕೊಯ್ದ ಬಲೆಯದೂ ಮೀನು ಈಜಿ ಹೋದದ್ದರದೂ ಚಿತ್ರ ಮಾತ್ರ ಮೊಬೈಲಿನಲ್ಲಿ ತೆಗೆದಿಡಿ, ಅರಣ್ಯ ಇಲಾಖೆಗೆ ತಿಳಿಸಿ.

ಇದು ಆಗದ ಮಾತು ಎನ್ನುವವರು ಗುಜರಾತಿನ ಕಡೆ ನೋಡಬೇಕು. ವೆರಾವಲ್ ಸುತ್ತಮುತ್ತ ಒಂದು ಕಾಲಕ್ಕೆ ಈ ಮೀನನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. ಯಕೃತ್ತಿನ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದರು. 2004ರಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಅವರು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿ ಮಾತಾಡಿದರು. ಅಲ್ಲಿಂದ ಅದಕ್ಕೆ ‘ವ್ಹಾಲಿ’, ಅಂದರೆ ಮುದ್ದಿನವಳು, ಎಂದೇ ಹೆಸರಾಯಿತು. ಬಲೆ ಕೊಯ್ದವರಿಗೆ ಅಲ್ಲಿನ ಸರ್ಕಾರ ಪರಿಹಾರ ಕೊಟ್ಟಿತು. ಆ ಬೆಸ್ತರೇ ನೂರಾರು ವ್ಹಾಲಿಗಳನ್ನು ತಮ್ಮ ಕೈಯಾರೆ ಸಮುದ್ರಕ್ಕೆ ಬಿಟ್ಟಿದ್ದಾರೆ. ಬಡತನದಲ್ಲಿ ಅವರೇನೂ ನಮಗಿಂತ ಕಡಿಮೆಯವರಲ್ಲ.

ರೆಕ್ಕೆ ಕೊಯ್ಯಬೇಡಿ

ಯಾವ ಜಾತಿಯ ಶಾರ್ಕ್ ಆದರೂ ಸರಿ, ಸಮುದ್ರದಲ್ಲಿ ರೆಕ್ಕೆ ಕೊಯ್ದು ಮೈಯನ್ನು ನೀರಿಗೆಸೆಯುವುದು 2013ರಿಂದ ನಿಷಿದ್ಧ. ರೆಕ್ಕೆಯ ರಫ್ತಿಗೂ 2015ರಿಂದ ನಿಷೇಧವಿದೆ. ಬೇರೆ ಮೀನಿಗಿರುವ ಗಾಳಿಚೀಲ ಶಾರ್ಕ್‌ಗೆ ಇಲ್ಲ. ಎಣ್ಣೆ ತುಂಬಿದ ದೊಡ್ಡ ಯಕೃತ್ತು ಮತ್ತು ರೆಕ್ಕೆಗಳ ಬಲದಿಂದಲೇ ಅದು ತೇಲುತ್ತದೆ. ರೆಕ್ಕೆ ಹೋದ ಮೀನು ಜೀವವಿರುವಾಗಲೇ ತಳಕ್ಕೆ ಮುಳುಗುತ್ತದೆ. ಇಷ್ಟು ಕ್ರೂರವಾದ ಕೆಲಸ ಮೀನುಗಾರಿಕೆಯಲ್ಲಿ ಇನ್ನೊಂದನ್ನು ನಾನು ಕಾಣೆ.

ಶಾರ್ಕನ್ನು ಬರಿಗೈಯಲ್ಲಿ ಹಿಡಿಯಬೇಡಿ. ಶಾರ್ಕ್‌ನ ಹುರುಪೆ ಹಲ್ಲಿನಂಥದ್ದೇ ರಚನೆ, ಮೇಲೆ ಎನಾಮೆಲ್‌ನಂಥ ಲೇಪವೂ ಇದೆ. ತಲೆಯಿಂದ ಬಾಲಕ್ಕೆ ಸವರಿದರೆ ನುಣುಪು, ಎದುರಾಗಿ ಸವರಿದರೆ ಮರಳುಕಾಗದ. ಕೈ ತರಚುತ್ತದೆ.

ಕೊಳ್ಳುವವರಿಗೆ

ಅಮೋನಿಯಾ ಘಾಟು ಹೊಡೆಯುವ ತಾಟೆಯನ್ನು ಕೊಳ್ಳಬೇಡಿ. ಶಾರ್ಕ್‌ನ ರಕ್ತ ಮಾಂಸದಲ್ಲಿ ಯೂರಿಯಾ ತುಂಬಿರುತ್ತದೆ, ಉಪ್ಪುನೀರಿನಲ್ಲಿ ಮೈಯ ನೀರು ಸೋರಿಹೋಗದಂತೆ ಕಾಯುವುದು ಅದೇ. ಸತ್ತ ಮೇಲೆ ಆ ಯೂರಿಯಾ ಅಮೋನಿಯಾ ಆಗುತ್ತದೆ. ಮಾರುವವರು ಹಿಡಿದ ಕೂಡಲೇ ರಕ್ತ ಬಸಿದು ಮಂಜುಗಡ್ಡೆಗೆ ಹಾಕಬೇಕು.

ಬಸುರಿಯರಿಗೆ, ಬಾಣಂತಿಯರಿಗೆ, ಚಿಕ್ಕ ಮಕ್ಕಳಿಗೆ ದೊಡ್ಡ ಶಾರ್ಕ್‌ನ ಮಾಂಸ ಕೊಡಲೇಬೇಡಿ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಪಾದರಸ ಸೇರುತ್ತ ಹೋಗಿ ಇದರ ಮೈಯಲ್ಲಿ ಕೂಡಿಬಿದ್ದಿರುತ್ತದೆ, ಅದು ಮಗುವಿನ ಮಿದುಳಿಗೆ ಕೆಟ್ಟದ್ದು. ಎದೆಹಾಲು ಹೆಚ್ಚಲೆಂದು ಮರಿ ತಾಟೆಯ ಸಾರು ಮಾಡಿಕೊಡುವ ಅಜ್ಜಿಯಂದಿರಲ್ಲಿ ಕೈಮುಗಿದು ಕೇಳುತ್ತೇನೆ, ಬೇರೆ ಸಣ್ಣ ಮೀನು ಕೊಡಿ. ಮರಿಯನ್ನೇ ತಿಂದರೆ ಇನ್ನೊಂದು ಮರಿ ಹಾಕಲು ಯಾವುದು ಉಳಿದೀತು?

ಶಾರ್ಕ್‌ನ ಮೃದ್ವಸ್ಥಿಯ ಪುಡಿಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಮಾರುವವರಿದ್ದಾರೆ. ನಂಬಬೇಡಿ. ಶಾರ್ಕ್‌ಗೂ ಕ್ಯಾನ್ಸರ್ ಬರುತ್ತದೆ.

ನೀರಿಗಿಳಿಯುವವರಿಗೆ

ಶಾರ್ಕ್ ಕಂಡರೆ ಮುಟ್ಟಬೇಡಿ, ಬೆನ್ನಟ್ಟಬೇಡಿ, ಆಹಾರ ಹಾಕಬೇಡಿ. ಮೀನು ಕೊಯ್ಯುತ್ತಿರುವ ಬೋಟಿನ ಬಳಿ ಈಜಬೇಡಿ. ಹತ್ತಿರ ಹೋದರೆ ನೀವಿರುವುದು ಶಾರ್ಕಿಗೆ ತಿಳಿದೀತು: ಅದರ ಮೂತಿಯಲ್ಲಿರುವ ಸಣ್ಣ ರಂಧ್ರಗಳು ಇನ್ನೊಂದು ಜೀವಿಯ ಸ್ನಾಯು ಮಿಡಿದಾಗ ಹುಟ್ಟುವ ವಿದ್ಯುತ್ತನ್ನೂ ಹತ್ತಿರದಿಂದ ಗುರುತಿಸಬಲ್ಲವು.

ತಾಂಡೇಲರೇ, ಬಲೆ ಕೊಯ್ಯುವ ಹರಿತವಾದ ಕತ್ತಿಯೊಂದನ್ನು ಇವತ್ತೇ ಬೋಟಿನಲ್ಲಿ ಕೈಗೆಟಕುವ ಕಡೆ ಕಟ್ಟಿಡಿ. ಅದು ಎಲ್ಲಿದೆಯೆಂದು ಕಲಾಸಿಗಳಿಗೆಲ್ಲ ತೋರಿಸಿ.