ಬಿಸಿ ಪೀಸು, ತಣ್ಣಗಿನ ರಿಂಗು

ಪುಣೆಯ ಭೋಸರಿ ಎಂಐಡಿಸಿಯಲ್ಲಿ, ವಾಹನಗಳ ಬಿಡಿಭಾಗ ಮಾಡುವ ಶಾಪೊಂದರ ಕ್ವಾಲಿಟಿ ವಿಭಾಗದಲ್ಲಿದ್ದಾಗ ನಾನು ಕಲಿತದ್ದೆಲ್ಲ ಮಷಿನ್ ಪಕ್ಕದಲ್ಲೇ.

ನಮ್ಮದು ಅಲ್ಯೂಮಿನಿಯಂ ಹೌಸಿಂಗ್. ಬೋರ್, ಅಂದರೆ ಒಳರಂಧ್ರ, 50 ಮಿ.ಮೀ.; ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸ, 25 ಮೈಕ್ರಾನ್. ಬೇಸಿಗೆ ಬಂತೆಂದರೆ ಚಾಕಣದ ಗ್ರಾಹಕರಿಂದ ಪೀಸುಗಳು ವಾಪಸು: ಬೋರ್ ಸಣ್ಣದಾಗಿದೆ ಅಂತ. ನಮ್ಮಲ್ಲಿ ಅಳೆದಾಗ ಎಲ್ಲ ಓಕೆ. ಆಡಳಿತ ಇನ್‌ಸ್ಪೆಕ್ಟರ್‌ಗಳನ್ನು ಹೆಚ್ಚಿಸಿತು, ಪ್ರತಿ ಪೀಸನ್ನೂ ಎರಡೆರಡು ಸಲ ಅಳೆಸಿತು. ಲಾರಿ ತಡವಾಯಿತು, ರಿಜೆಕ್ಷನ್ ಮಾತ್ರ ಇಳಿಯಲಿಲ್ಲ.

ಗಂಟು ಬಿಡಿಸಿದ್ದು ಇಂಡಿ ತಾಲ್ಲೂಕಿನ ಒಬ್ಬ ಆಪರೇಟರ್. "ಸರ, ರಿಂಗ್ ಎಸಿ ರೂಮಿನ್ಯಾಗ ತಣ್ಣಗ ಕುಂತದ, ಪೀಸ್ ಇಲ್ಲಿ ಸುಡಾಕತ್ತದ. ಎರಡಕ್ಕ ಹೆಂಗ ಹೊಂದತದ?" ಅಂದ.

ಬೋರ್ ಗೇಜನ್ನು ನಾವು ಸೊನ್ನೆಗೆ ತರುತ್ತಿದ್ದುದು 20 ಡಿಗ್ರಿಯ ಕೋಣೆಯಲ್ಲಿದ್ದ ಉಕ್ಕಿನ ಮಾಸ್ಟರ್ ರಿಂಗಿನಿಂದ. ಅಳೆಯುತ್ತಿದ್ದುದು ಆಗಷ್ಟೇ ಮಷಿನ್‌ನಿಂದ ಇಳಿದ ಪೀಸನ್ನು. ಅಲ್ಯೂಮಿನಿಯಂ ಮೀಟರಿಗೆ, ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಪೀಸು 40 ಡಿಗ್ರಿಯಲ್ಲಿದ್ದರೆ ನಮ್ಮ ಬೋರು 23 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಹೆಚ್ಚುಕಡಿಮೆ ಇಡೀ ಟಾಲರೆನ್ಸೇ ಅಲ್ಲಿಗೆ ಮುಗಿಯಿತು. ಸಾವಿರ ಸಲ ಅಳೆದರೂ ತಪ್ಪು ತಪ್ಪೇ.

ಅವನ ಪರಿಹಾರವೂ ಸರಳ. ಅದೇ ಅಲ್ಯೂಮಿನಿಯಂನಿಂದ ಒಂದು ರಿಂಗ್ ಮಾಡಿಸಿ, ಅಳತೆಯನ್ನು 20 ಡಿಗ್ರಿಯಲ್ಲಿ ಖಚಿತಪಡಿಸಿ, ಪೀಸಿನ ಪಕ್ಕದಲ್ಲೇ ಅದೇ ಕೂಲಂಟ್‌ನಲ್ಲಿಟ್ಟೆವು. ಪೀಸು ಹಿಗ್ಗಿದಷ್ಟು ರಿಂಗೂ ಹಿಗ್ಗುತ್ತದೆ. ಅಲ್ಯೂಮಿನಿಯಂ ಬೇಗ ಸವೆಯುವುದರಿಂದ ಆಗಾಗ ಆ 20 ಡಿಗ್ರಿಯ ಕೋಣೆಗೆ ಒಯ್ದು ತಪಾಸಣೆ. ಗ್ರಾಹಕರ ದೂರು ನಿಂತಿತು, ಎರಡನೇ ತಪಾಸಣೆಯೇ ಬೇಡವಾಗಿ ಲಾರಿಯೂ ಹೊತ್ತಿಗೆ ಸರಿಯಾಗಿ ಹೊರಟಿತು. ಇನ್ನೊವೇಶನ್ ಅಂದರೆ ಹೊಸ ಮಷಿನ್ ಕೊಳ್ಳುವುದು ಎನ್ನುವವರಿಗೆ ನಾನು ಈ ರಿಂಗನ್ನೇ ತೋರಿಸುತ್ತೇನೆ.

ಹೀಗೆ ಕೆಲಸ ಮಾಡುವವರೇ ಕೂತು ದೋಷದ ಮೂಲ ಹುಡುಕುವ ಕ್ವಾಲಿಟಿ ಸರ್ಕಲ್‌ಗಳು ಗುಣಮಟ್ಟ ತಜ್ಞ ಇಶಿಕಾವಾ ಅವರ ಮುಂದಾಳತ್ವದಲ್ಲಿ 1962ರಲ್ಲಿ ಜಪಾನಿನಲ್ಲಿ ಶುರುವಾದವು. 1980ರಲ್ಲಿ ಹೈದರಾಬಾದಿನ ಬಿಎಚ್ಇಎಲ್‌ಗೆ ಬಂದವು. ಆದರೆ ನಮ್ಮ ಶಾಪಿನಲ್ಲಿ ಸಲಹೆಗೆ ಬಹುಮಾನ ಸಿಗುತ್ತಿದ್ದುದು ಕಾಯಂ ನೌಕರರಿಗೆ ಮಾತ್ರ. ಆ ಆಪರೇಟರ್ ಗುತ್ತಿಗೆಯವನು. ಸುಧಾರಣೆಗಳನ್ನು ದಾಖಲಿಸುವ ಕೈಜೆನ್ ಶೀಟಿನಲ್ಲಿ ಸೂಪರ್‌ವೈಸರ್ ಹೆಸರು ಬಿದ್ದಿತ್ತು. ಅದನ್ನು ಹೊಡೆಸಿ ಅವನ ಹೆಸರು ಬರೆಸಲು ಎಚ್‌ಆರ್ ಜೊತೆ ಜಗಳವನ್ನೇ ಆಡಬೇಕಾಯಿತು. ಹೆಸರು ಬಂತು. ಗುತ್ತಿಗೆ ಮುಗಿದ ಮೇಲೆ ಮತ್ತೆ ಅವನನ್ನು ಕರೆಸಿಕೊಳ್ಳಿ ಎಂದದ್ದಕ್ಕೆ ಮಾತ್ರ ಯಾರೂ ಒಪ್ಪಲಿಲ್ಲ.