ಹಳೆಯ ಎಂಜಿನ್ನೂ ಬಚ್ಚಿಟ್ಟ ರಸೀದಿಯೂ

ಪ್ರಶ್ನೆ: ನನಗೆ 54 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವಿದೆ. ಹಾರ್ನ್‌ಬಿ ಡಬ್ಲೊ ಸರಣಿಯ ಹಳೆಯ ಪುಟಾಣಿ ರೈಲು ಎಂಜಿನ್‌ಗಳನ್ನು ತರಿಸಿ, ರಿಪೇರಿ ಮಾಡಿ ಓಡಿಸುವುದೆಂದರೆ ನನಗೆ ಪ್ರಾಣ. ಹೆಂಡತಿಗೆ ಹೇಳದೆ ಕೊಳ್ಳುತ್ತಿದ್ದೆ. ಗೂಡಿನ ದರ ಏರಿ ಕೈ ಬಿಗಿಯಾದ ಹೊತ್ತಿಗೇ ಒಂದು ರಸೀದಿ ಅವಳಿಗೆ ಸಿಕ್ಕಿತು. “ಮಗಳ ಮದುವೆ ಮುಂದಿಟ್ಟುಕೊಂಡು ಆಟದ ಸಾಮಾನು ಬೇಕಿತ್ತಾ?” ಅಂದವಳು ಆಮೇಲೆ ಸರಿಯಾಗಿ ಮಾತಾಡಿಲ್ಲ. ಅವಳು ಚಿಂತಾಮಣಿಯವಳು, ಮಾತು ಕಡಿಮೆ. ಎಲ್ಲವನ್ನೂ ಮಾರಿಬಿಡಲೇ?

ಉತ್ತರ: ಈಗಲೇ ಮಾರಬೇಡಿ. ಮನೆಯವರ ಸಿಟ್ಟಿಗೆ ಹೆದರಿ ಮಾರಿದರೆ ಮನಸ್ಸಿನಲ್ಲಿ ನೀವು ಅವರನ್ನೇ ದೂರುತ್ತೀರಿ. ಅವರಿಗೋ, ಇನ್ನೇನೇನು ಬಚ್ಚಿಟ್ಟಿದ್ದಾರೋ ಎಂಬ ಅನುಮಾನ ಹಾಗೇ ಉಳಿಯುತ್ತದೆ. ಇದುವರೆಗೆ ಖರ್ಚಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಒಂದು ರೂಪಾಯಿಯನ್ನೂ ಬಿಡಬೇಡಿ. ಮದುವೆ ಮುಗಿಯುವವರೆಗೆ ಹೊಸದಾಗಿ ಕೊಳ್ಳುವುದಿಲ್ಲವೆಂದು ನೀವಾಗಿಯೇ ಹೇಳಿ.

ನಿಮ್ಮ ಹವ್ಯಾಸ ಹುಡುಗಾಟ ಎಂದು ನನಗನ್ನಿಸುವುದಿಲ್ಲ. ಲಿವರ್‌ಪೂಲಿನ ಮೆಕಾನೊ ಕಂಪನಿ 1938ರಲ್ಲಿ ಮಾರುಕಟ್ಟೆಗೆ ತಂದ ಸರಣಿ ಹಾರ್ನ್‌ಬಿ ಡಬ್ಲೊ. ಗಟ್ಟಿಯಾದ ಗ್ರೀಸು ತೆಗೆದು, ಕಮ್ಯುಟೇಟರ್ ಒರೆಸಿ, ಸವೆದ ಕಾರ್ಬನ್ ಬ್ರಷ್ ಬದಲಿಸಿ, ಆ ಕಾಲದ ಮೋಟಾರು ಮತ್ತೆ ತಿರುಗುವಂತೆ ಮಾಡಲು ತಾಳ್ಮೆ ಬೇಕು. ಕಡಿದುಹೋದ ರೇಷ್ಮೆ ಎಳೆಯ ತುದಿ ಹುಡುಕುವ ಕೈಗೆ ಆ ತಾಳ್ಮೆ ಇದ್ದೇ ಇರುತ್ತದೆ.

ಆದರೆ ಹಳೆಯ ಎಂಜಿನ್‌ಗಳಿಗೆ ಮದ್ದಿಲ್ಲದ ಒಂದು ಕಾಯಿಲೆಯುಂಟು. ಎರಕದ ಸತುವಿನ ಮಿಶ್ರಲೋಹದಲ್ಲಿ ಸೀಸ ಬೆರೆತಿದ್ದರೆ, ವರ್ಷಗಳುರುಳಿದಂತೆ ಅದು ಒಳಗಿನಿಂದಲೇ ಉಬ್ಬಿ, ಬಿರುಕುಬಿಟ್ಟು ಪುಡಿಯಾಗುತ್ತದೆ. ಫೋಟೊ ನೋಡಿ ಅವಸರದಲ್ಲಿ ಕೊಂಡವರು ಮೋಸಹೋಗುವುದು ಇಲ್ಲೇ. ಆದ್ದರಿಂದ ಮದುವೆಯಾದ ಮೇಲೂ, ಮೇಜಿನ ಮೇಲಿರುವ ಎಂಜಿನ್ ಓಡುವವರೆಗೆ ಇನ್ನೊಂದನ್ನು ತರಬೇಡಿ. ದೇಹ ಬಿರಿದವುಗಳ ಚಕ್ರ, ಮೋಟಾರು ಬೇರೆಯವರಿಗೆ ಬೇಕಾಗುತ್ತವೆ. ಅವನ್ನು ಮಾತ್ರ ಮಾರಿ, ಬಂದ ಹಣವನ್ನು ಮನೆಯವರ ಕೈಗೇ ಕೊಡಿ. ಹಳೆಯ ಬಣ್ಣದಲ್ಲಿಯೂ ಸೀಸವಿರಬಹುದು, ಮನೆಯೊಳಗೆ ಉಜ್ಜಬೇಡಿ.

ನಿಮ್ಮ ಪತ್ರದಲ್ಲಿ ಇಂಗ್ಲೆಂಡಿನ ರೈಲು ಮಾತ್ರ ಇದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೋಲಾರಕ್ಕೆ ಹೋಗುತ್ತಿದ್ದ ನ್ಯಾರೋಗೇಜ್ ರೈಲು ಎಲ್ಲಿ? 2013ರಲ್ಲಿ ಬ್ರಾಡ್‌ಗೇಜ್ ಬರುವ ಮುಂಚೆ ಆ ಹಳಿಗಳ ನಡುವೆ ಇದ್ದದ್ದು 762 ಮಿ.ಮೀ. ಅಂತರ. 1:87 ಅಳತೆಗೆ ಇಳಿಸಿದರೆ ಅದು 9 ಮಿ.ಮೀ.ಗೆ ಹತ್ತಿರ. ಎನ್ ಗೇಜ್ ಎಂಬ ಪುಟಾಣಿ ರೈಲು ಮಾದರಿಗಳ ಹಳಿಯೂ ಅಷ್ಟೇ ಅಗಲ. ಆ ಹಳಿಯ ಮೇಲೆ ನಿಮ್ಮೂರ ರೈಲನ್ನೇ ಕಟ್ಟಬಹುದು, ಡಬ್ಬಿಗಳನ್ನು ರಟ್ಟಿನಲ್ಲೇ ಮಾಡಬಹುದು. ನಿಮ್ಮ ಮನೆಯವರು ಚಿಕ್ಕಂದಿನಲ್ಲಿ ಆ ರೈಲನ್ನು ಕಂಡಿರಬಹುದು, ಹತ್ತಿರಲೂಬಹುದು. ಡಬ್ಬಿಯ ಬಣ್ಣ ಯಾವುದಿತ್ತು, ಒಳಗೆ ಬೆಂಚು ಹೇಗಿತ್ತು, ಯಾರ ಜೊತೆ ಹೋಗಿದ್ದರು ಎಂದು ಕೇಳಿ. ಆದರೆ ಲೆಕ್ಕದ ಹಾಳೆ ಕೊಟ್ಟ ದಿನವೇ ಕೇಳಬೇಡಿ, ಮಾತು ಮರೆಸುವ ಉಪಾಯ ಅನ್ನಿಸೀತು. ಒಂದು ವಾರ ಬಿಟ್ಟು ಕೇಳಿ.