ಅಂಗೈಯ ಮಾರ್ಗದರ್ಶಿ

ಮಾನವನು ಸಂಚಾರಪ್ರಿಯನು. ಹೊಸ ನೆಲವನ್ನು, ಹೊಸ ಜನರನ್ನು ಕಾಣುವ ಹಂಬಲವು ಅವನನ್ನು ಎಲ್ಲ ಕಾಲಗಳಲ್ಲಿಯೂ ಮನೆಯಿಂದ ಹೊರಗೆ ಸೆಳೆದಿದೆ. ಆದರೆ ಅಪರಿಚಿತ ಪ್ರದೇಶದಲ್ಲಿ ಕಾಲಿಟ್ಟವನಿಗೆ ಎದುರಾಗುವ ಪ್ರಶ್ನೆಗಳು ಮುಖ್ಯವಾಗಿ ಎರಡು: 'ನಾನು ಈಗ ಎಲ್ಲಿದ್ದೇನೆ? ಯಾವ ದಿಕ್ಕಿಗೆ ಸಾಗಬೇಕು?' ಹಿಂದಿನ ನಾವಿಕರು ಧ್ರುವನಕ್ಷತ್ರವನ್ನು ನೋಡಿ ಉತ್ತರ ಕಂಡುಕೊಂಡರು. ಕಾಡಿನ ಜನರು ಬೆಟ್ಟದ ಸಾಲನ್ನೂ ತೊರೆಯ ಹರಿವನ್ನೂ ಗುರುತಾಗಿ ಇಟ್ಟುಕೊಂಡರು. ಇಂದು ಅಂಗೈಯಲ್ಲಿ ಹಿಡಿಯಬಹುದಾದ ಪುಟ್ಟ ಯಂತ್ರವೊಂದು ಆ ಪ್ರಶ್ನೆಗಳಿಗೆ ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತದೆ. ಅದೇ ಜಿ.ಪಿ.ಎಸ್. ಗ್ರಾಹಕ.

ದಾರಿ ತಪ್ಪುವುದು ಎಂತಹ ಅನಾಹುತಕ್ಕೆ ಕಾರಣವಾಗಬಲ್ಲದು ಎಂಬುದಕ್ಕೆ ಇತಿಹಾಸದಲ್ಲಿ ದಾರುಣವಾದ ನಿದರ್ಶನವಿದೆ. 1983ರ ಸೆಪ್ಟೆಂಬರ್ 1ರಂದು ದಕ್ಷಿಣ ಕೊರಿಯದ ಪ್ರಯಾಣಿಕ ವಿಮಾನವೊಂದು ನಿಗದಿತ ಮಾರ್ಗದಿಂದ ಬಹುದೂರ ಸರಿದು ಸೋವಿಯತ್ ಒಕ್ಕೂಟದ ವಾಯುಪ್ರದೇಶವನ್ನು ಹೊಕ್ಕಿತು. ಸೋವಿಯತ್ ಯುದ್ಧವಿಮಾನವು ಅದನ್ನು ಹೊಡೆದುರುಳಿಸಿತು. ಅದರಲ್ಲಿದ್ದ 269 ಮಂದಿಯೂ ಅಸುನೀಗಿದರು. ಈ ದುರಂತದ ಬಳಿಕ ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ಅವರು, ಸೇನೆಗಾಗಿ ನಿರ್ಮಾಣವಾಗುತ್ತಿದ್ದ ಜಿ.ಪಿ.ಎಸ್. ವ್ಯವಸ್ಥೆಯನ್ನು ನಾಗರಿಕರ ಉಪಯೋಗಕ್ಕೂ ಉಚಿತವಾಗಿ ತೆರೆದಿಡುವುದಾಗಿ ಘೋಷಿಸಿದರು.

ಈ ವ್ಯವಸ್ಥೆಗೆ ಅಮೆರಿಕದ ರಕ್ಷಣಾ ಇಲಾಖೆಯು 1973ರಲ್ಲಿ ಅಡಿಪಾಯ ಹಾಕಿತು. ಮೊದಲ ಉಪಗ್ರಹವು 1978ರಲ್ಲಿ ಅಂತರಿಕ್ಷವನ್ನು ಸೇರಿತು. 1995ರ ವೇಳೆಗೆ 24 ಉಪಗ್ರಹಗಳ ಬಳಗವು ಪೂರ್ಣವಾಗಿ ಕಾರ್ಯನಿರತವಾಯಿತು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುವ ಈ ಉಪಗ್ರಹಗಳು ತಮ್ಮ ಸ್ಥಾನವನ್ನೂ ಸಮಯವನ್ನೂ ರೇಡಿಯೋ ಅಲೆಗಳ ಮೂಲಕ ಎಡೆಬಿಡದೆ ಸಾರುತ್ತಿರುತ್ತವೆ. ಅಲೆಯು ಬಂದು ತಲಪಲು ಹಿಡಿದ ಕಾಲದಿಂದ ಗ್ರಾಹಕವು ಉಪಗ್ರಹದ ದೂರವನ್ನು ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ಸ್ಥಾನವನ್ನು ಗುರುತಿಸಬಹುದು. ಹಾಗಾದರೆ ನಾಲ್ಕನೆಯದು ಏಕೆ ಬೇಕು? ಗ್ರಾಹಕದೊಳಗಿನ ಗಡಿಯಾರದ ತಪ್ಪನ್ನು ತಿದ್ದಲು. ರೇಡಿಯೋ ಅಲೆಯು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುವುದರಿಂದ, ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ವ್ಯತ್ಯಾಸವಾದರೂ ದೂರದಲ್ಲಿ 300 ಮೀಟರ್ ತಪ್ಪು ಉಂಟಾಗುತ್ತದೆ!

ಇಂದು ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನದ ಬೈದೂ ವ್ಯವಸ್ಥೆಗಳೂ ಇವೆ. ಭಾರತವೂ ಹಿಂದೆ ಬಿದ್ದಿಲ್ಲ. ನಮ್ಮ ದೇಶದ ಸ್ವಂತ ವ್ಯವಸ್ಥೆಯ ಮೊದಲ ಉಪಗ್ರಹವು 2013ರಲ್ಲಿ ಉಡಾವಣೆಗೊಂಡಿತು. 2016ರಲ್ಲಿ ಇದಕ್ಕೆ 'ನಾವಿಕ್' ಎಂಬ ಹೆಸರು ಬಂದಿತು. ಇದರ ಸಂಚಾರ ನಿರ್ದೇಶನ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಇರುವುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಕಡಿಮೆ ಹೊರೆಯೊಡನೆ ಸಂಚರಿಸಬೇಕೆಂಬ ಪ್ರವಾಸಿಯು ಯಾವ ಉಪಕರಣವನ್ನು ಆರಿಸಿಕೊಳ್ಳಬೇಕು? ಪೇಟೆಯಲ್ಲಿ ದೊರೆಯುವ ಉಪಕರಣಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಮೊಬೈಲ್ ಫೋನು. ಇದು ಈಗಾಗಲೇ ಜೇಬಿನಲ್ಲಿ ಇರುವುದರಿಂದ ಬೇರೆ ಹೊರೆ ಇಲ್ಲ. ಮೊಬೈಲ್ ಗೋಪುರ ಇಲ್ಲದ ಕಡೆ ಇದರ ಜಿ.ಪಿ.ಎಸ್. ಕೆಲಸ ಮಾಡದು ಎಂಬುದು ಹಲವರ ತಪ್ಪು ತಿಳಿವಳಿಕೆ. ಉಪಗ್ರಹದ ಅಲೆಗೆ ಗೋಪುರದ ಹಂಗಿಲ್ಲ. ಭೂಪಟವನ್ನು ಮಾತ್ರ ಹೊರಡುವ ಮೊದಲೇ ಫೋನಿನಲ್ಲಿ ತುಂಬಿಕೊಂಡಿರಬೇಕು. ಎರಡನೆಯದು ಕೈಹಿಡಿ ಗ್ರಾಹಕ. ಮಳೆ, ಧೂಳು, ಪೆಟ್ಟುಗಳನ್ನು ತಾಳಿಕೊಳ್ಳುವಂತೆ ಇದನ್ನು ರೂಪಿಸಿರುತ್ತಾರೆ. ಸುಮಾರು 150 ಗ್ರಾಂ ತೂಗುವ ಕೆಲವು ಮಾದರಿಗಳು ಎರಡು ಪೆನ್ಸಿಲ್ ಸೆಲ್‌ಗಳ ಬಲದಿಂದ ಸುಮಾರು 25 ಗಂಟೆಗಳ ಕಾಲ ಕೆಲಸ ಮಾಡುತ್ತವೆ. ಮೂರನೆಯದು ಮಣಿಕಟ್ಟಿನ ಗಡಿಯಾರ. ಇದು ಬಹಳ ಹಗುರ. ನಡೆದ ಹಾದಿಯನ್ನು ದಾಖಲಿಸಲು ಉತ್ತಮ. ಆದರೆ ಇದರ ಕಿರಿದಾದ ತೆರೆಯಲ್ಲಿ ಭೂಪಟವನ್ನು ಓದುವುದು ಕಷ್ಟ.

ಪಟ್ಟಣಗಳಲ್ಲಿ ಅಡ್ಡಾಡುವವನಿಗೆ ಫೋನು ಸಾಕು. ಆದರೆ ಮಳೆಗಾಲದಲ್ಲಿ ಕುದುರೆಮುಖದಂತಹ ಬೆಟ್ಟವನ್ನು ಏರುವವನ ಸ್ಥಿತಿ ಬೇರೆ. ಒದ್ದೆ ಬೆರಳಿಗೆ ಫೋನಿನ ತೆರೆಯು ಸರಿಯಾಗಿ ಸ್ಪಂದಿಸುವುದಿಲ್ಲ. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ. ಅಂಥವನಿಗೆ ಗುಂಡಿಗಳಿರುವ ಕೈಹಿಡಿ ಗ್ರಾಹಕವೇ ಹೆಚ್ಚು ನಂಬಿಕೆಗೆ ಅರ್ಹವಾದುದು. ದಟ್ಟವಾದ ಎಲೆಗಳ ಕೆಳಗೆ, ಕಡಿದಾದ ಕಣಿವೆಯಲ್ಲಿ ಯಾವ ಉಪಕರಣವೇ ಆಗಲಿ ತುಸು ತಪ್ಪು ತೋರಿಸಬಹುದು ಎಂಬುದನ್ನೂ ಮರೆಯಬಾರದು.

ಉಪಕರಣದ ಆಯ್ಕೆಗಿಂತಲೂ ಮಹತ್ವದ್ದು ಅದರ ಆಹಾರವಾದ ವಿದ್ಯುತ್ತು. ಬ್ಯಾಟರಿ ಬರಿದಾದ ಗ್ರಾಹಕವು ಚೀಲದಲ್ಲಿ ಹೊತ್ತ ಕಲ್ಲಿಗೆ ಸಮಾನ. ಆದುದರಿಂದ ಜಾಣನಾದ ಪ್ರವಾಸಿಯು ಹೊರಡುವ ಮೊದಲೇ ಲೆಕ್ಕ ಹಾಕುತ್ತಾನೆ. ಉದಾಹರಣೆಗೆ, ಮೂರು ದಿನಗಳ ಚಾರಣವನ್ನು ತೆಗೆದುಕೊಳ್ಳಬಹುದು. ದಿನಕ್ಕೆ 8 ಗಂಟೆ ಬಳಸಿದರೆ ಒಟ್ಟು 24 ಗಂಟೆ. ಮೇಲೆ ಹೇಳಿದ ಕೈಹಿಡಿ ಗ್ರಾಹಕಕ್ಕೆ ಒಂದು ಜೊತೆ ಸೆಲ್ಲು ಸರಿಯಾಗಿ ಸಾಲುತ್ತದೆ. ಸುಮಾರು 50 ಗ್ರಾಂ ತೂಗುವ ಇನ್ನೊಂದು ಜೊತೆಯು ಆಪತ್ಕಾಲಕ್ಕೆ ಆಗುತ್ತದೆ.

ಫೋನಿನ ಲೆಕ್ಕ ಬೇರೆ. 10,000 ಮಿಲಿ ಆಂಪಿಯರ್-ಗಂಟೆಯ ಪವರ್ ಬ್ಯಾಂಕು 5,000ದ ಫೋನನ್ನು ಎರಡು ಬಾರಿ ತುಂಬುತ್ತದೆ ಎಂದು ತೋರಬಹುದು. ವಾಸ್ತವದಲ್ಲಿ ವೋಲ್ಟೇಜ್ ಬದಲಾವಣೆಯಲ್ಲಿಯೂ ಶಾಖದ ರೂಪದಲ್ಲಿಯೂ ಹೆಚ್ಚು ಕಡಿಮೆ ಮೂರನೆಯ ಒಂದು ಭಾಗ ನಷ್ಟವಾಗುತ್ತದೆ. ಅದು ಫೋನನ್ನು ಒಮ್ಮೆ ಪೂರ್ಣವಾಗಿಯೂ ಮತ್ತೊಮ್ಮೆ ಸ್ವಲ್ಪ ಭಾಗವನ್ನೂ ಮಾತ್ರ ತುಂಬೀತು. ದಿನಕ್ಕೆ ಅರ್ಧ ಬ್ಯಾಟರಿಯಂತೆ ಮಿತವಾಗಿ ಬಳಸುವವನಿಗೆ ಮೂರು ದಿನಕ್ಕೆ ಒಂದೂವರೆ ಬ್ಯಾಟರಿ ಬೇಕು. ಅವನಿಗೆ ಇಂತಹ ಒಂದು ಪವರ್ ಬ್ಯಾಂಕು ಸಾಕಾಗಿ ಮಿಗುತ್ತದೆ. ಇದಕ್ಕಿಂತ ದೊಡ್ಡದನ್ನು ಹೊರುವುದು ವೃಥಾ ಶ್ರಮ.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ಬ್ಯಾಟರಿಗೂ ಅನ್ವಯಿಸುತ್ತದೆ. ತೆರೆಯ ಬೆಳಕೇ ಹೆಚ್ಚು ವಿದ್ಯುತ್ತನ್ನು ನುಂಗುವುದರಿಂದ ಅದನ್ನು ಮಂದಗೊಳಿಸಬೇಕು. ಸಂಪರ್ಕ ಕ್ಷೀಣವಾಗಿರುವ ಕಾಡಿನಲ್ಲಿ ಫೋನು ಗೋಪುರವನ್ನು ಹುಡುಕುತ್ತಲೇ ಬಳಲುತ್ತದೆ. ಅದನ್ನು ವಿಮಾನಯಾನದ ಸ್ಥಿತಿಯಲ್ಲಿ ಇಟ್ಟರೆ ಈ ವ್ಯಯ ತಪ್ಪುತ್ತದೆ, ಜಿ.ಪಿ.ಎಸ್. ಮಾತ್ರ ಕೆಲಸ ಮಾಡುತ್ತಿರುತ್ತದೆ. ಹಿಮಾಲಯದಂತಹ ಶೀತಪ್ರದೇಶದಲ್ಲಿ ಬ್ಯಾಟರಿಯ ಶಕ್ತಿ ಕುಂದುತ್ತದೆ. ಅಲ್ಲಿ ಅದನ್ನು ಹಗಲು ಅಂಗಿಯ ಒಳಜೇಬಿನಲ್ಲಿಯೂ ಇರುಳು ಮಲಗುವ ಚೀಲದಲ್ಲಿಯೂ ಬೆಚ್ಚಗೆ ಇಡಬೇಕು. ಲಿಥಿಯಂ ಅಯಾನ್ ಬ್ಯಾಟರಿಯು ಸೊನ್ನೆ ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿರುವಾಗ ಅದಕ್ಕೆ ವಿದ್ಯುತ್ತು ತುಂಬಿದರೆ ಹಾನಿಯಾಗುತ್ತದೆ. ಸೌರಫಲಕವು ಬಿಸಿಲಿರುವ ಬಯಲಿನಲ್ಲಿ ಉಪಕಾರಿ. ಮೋಡ ಕವಿದ ಮಲೆನಾಡಿನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಕೆಲವು ನಿಯಮಗಳನ್ನೂ ಪ್ರವಾಸಿಯು ತಿಳಿದಿರಬೇಕು. ವಿಮಾನದಲ್ಲಿ ಪವರ್ ಬ್ಯಾಂಕನ್ನು ಸಾಮಾನಿನ ಪೆಟ್ಟಿಗೆಯಲ್ಲಿ ಇಡದೆ ಕೈಚೀಲದಲ್ಲಿಯೇ ಒಯ್ಯಬೇಕು. ಅದಕ್ಕೆ ಬೆಂಕಿ ತಗಲುವ ಅಪಾಯವುಂಟು. ಉಪಗ್ರಹ ಫೋನು ಹಾಗೂ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣಗಳನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಬಳಸುವುದು ಅಪರಾಧ. ಸಾಮಾನ್ಯ ಜಿ.ಪಿ.ಎಸ್. ಗ್ರಾಹಕವಾದರೋ ಕೇಳಬಲ್ಲದೇ ಹೊರತು ಮಾತನಾಡಲಾರದು. ಅದು ತನ್ನ ಒಡೆಯನಿಗೆ ದಾರಿ ತೋರಿಸುತ್ತದೆ. ಅವನೆಲ್ಲಿದ್ದಾನೆಂದು ಪರರಿಗೆ ತಿಳಿಸುವುದಿಲ್ಲ. ಆದ್ದರಿಂದ ಹೋಗುವ ಹಾದಿಯನ್ನೂ ಮರಳುವ ದಿನವನ್ನೂ ಮನೆಯವರಿಗೆ ಹೇಳಿ ಹೊರಡುವುದು ಕ್ಷೇಮಕರ.

ಯಂತ್ರವು ಮಾನವನ ಬುದ್ಧಿಗೆ ನೆರವೇ ಹೊರತು ಬದಲಿಯಲ್ಲ. ತೆರೆಯ ಮೇಲಿನ ಗೆರೆಯನ್ನೇ ನಂಬಿ ಎದುರಿಗಿರುವ ಪ್ರಪಾತವನ್ನು ಕಾಣದವನು ದೀಪ ಹಿಡಿದು ಬಾವಿಗೆ ಬಿದ್ದವನಂತೆ. ಕಾಗದದ ಭೂಪಟ ಮತ್ತು ದಿಕ್ಸೂಚಿಗೆ ತೂಕವೂ ಅಲ್ಪ, ಅವುಗಳಿಗೆ ವಿದ್ಯುತ್ತೂ ಬೇಡ. ಅವುಗಳನ್ನು ಓದಬಲ್ಲ, ಸುತ್ತಲಿನ ಬೆಟ್ಟ-ತೊರೆಗಳನ್ನು ಗಮನಿಸಬಲ್ಲ ಪ್ರವಾಸಿಯು ಯಂತ್ರ ಮೂಕವಾದಾಗಲೂ ಧೈರ್ಯಗುಂದದೆ ಮನೆಗೆ ಮರಳುತ್ತಾನೆ.

ಅಭ್ಯಾಸ

1. ಸ್ಥಾನವನ್ನು ಗುರುತಿಸಲು ನಾಲ್ಕು ಉಪಗ್ರಹಗಳು ಏಕೆ ಬೇಕು?
2. ಮಳೆಗಾಲದ ಬೆಟ್ಟದ ಪ್ರವಾಸಕ್ಕೆ ಯಾವ ಉಪಕರಣ ಸೂಕ್ತ? ಕಾರಣ ಕೊಡಿರಿ.
3. ಐದು ದಿನಗಳ ಚಾರಣಕ್ಕೆ ಬೇಕಾಗುವ ಸೆಲ್ಲುಗಳ ಲೆಕ್ಕವನ್ನು ಪಾಠದ ಆಧಾರದಿಂದ ಮಾಡಿರಿ.
4. 'ಯಂತ್ರವು ಮಾನವನ ಬುದ್ಧಿಗೆ ನೆರವೇ ಹೊರತು ಬದಲಿಯಲ್ಲ' – ಈ ಮಾತನ್ನು ಸಮರ್ಥಿಸಿರಿ.